ಅರ್ಧರ್ಧ ಹಂಚಿಕೊಂಡ ಹಸಿರು

ಕೊನೆಯ ಬಾಟಲಿಯ ಮೇಲೆ ಎರಡು ಕೈಗಳು ಒಟ್ಟಿಗೇ ಬಿದ್ದವು.

ಕೋಬೆ ನಗರದ ಮೊತೊಮಾಚಿ ಬೀದಿಯ ಸ್ಟೇಷನರಿ ಅಂಗಡಿ. ಶರತ್ಕಾಲಕ್ಕೆಂದೇ ಬಂದಿದ್ದ ಹಸಿರು ಇಂಕು, ಮಳೆ ನಿಂತ ಬೆಟ್ಟದ ಬಣ್ಣ. ಚಿಗುಸಾ ಔಷಧದಂಗಡಿಯ ಕೆಲಸ ಮುಗಿಸಿ ಅದಕ್ಕಾಗಿಯೇ ಓಡಿ ಬಂದಿದ್ದಳು. ಇನ್ನೊಂದು ಕೈಯ ಉಗುರಂಚಿನಲ್ಲಿ ಹಿಟ್ಟು ಮೆತ್ತಿಕೊಂಡಿತ್ತು.

"ಮೊದಲು ಮುಟ್ಟಿದ್ದು ನಾನು," ಎಂದಳು.

"ನೀವು ಮುಟ್ಟಿದ್ದು ಮುಚ್ಚಳ. ಬಾಟಲಿ ಹಿಡ್ಕೊಂಡಿರೋದು ನಾನು."

"ಹಾಗಾದ್ರೆ ಮುಚ್ಚಳ ನನಗೆ ಕೊಡಿ. ಅದಿಲ್ದೆ ಹೇಗೆ ತಗೊಂಡು ಹೋಗ್ತೀರೋ ನೋಡೇ ಬಿಡ್ತೀನಿ."

ಅವನು ನಕ್ಕುಬಿಟ್ಟ. ಹೆಸರು ತೊಮೊಹಿರೊ, ಮೇಲಿನ ಏರುಬೀದಿಯ ಬೇಕರಿಯಲ್ಲಿ ಬ್ರೆಡ್ ಬೇಯಿಸುವವನು. ಕೊನೆಗೆ ಇಬ್ಬರೂ ಸೇರಿ ಕೊಂಡು, ಪಕ್ಕದ ಕಾಫಿ ಅಂಗಡಿಯಲ್ಲಿ ಕೂತು ಅರ್ಧರ್ಧ ಹಂಚಿಕೊಂಡರು. ಅವನು ಗಾಜಿನ ಪೆನ್ನನ್ನು ಅದ್ದಿ ಒಂದು ಗೆರೆ ಎಳೆದ.

"ಈಗ ನೀಲಿ ಅನ್ಸತ್ತೆ ಅಲ್ವಾ? ಒಣಗ್ತಾ ಒಣಗ್ತಾ ಹಸಿರಾಗತ್ತೆ. ಸುಮ್ನೆ ನೋಡ್ತಾ ಇರಿ."

ಇಬ್ಬರೂ ಬಾಗಿ ನೋಡಿದರು. ಗೆರೆ ಒಣಗಿತು. ಆದರೂ ಯಾರೂ ತಲೆ ಎತ್ತಲಿಲ್ಲ.

ಆಮೇಲೆ ಭಾನುವಾರಗಳೆಲ್ಲ ಹಸಿರಾದವು. ಅವಳು ಪೈನ್ ಎಲೆಯಂಥ ಕಡುಹಸಿರು ತರುತ್ತಿದ್ದಳು. ಬರೆದರೆ ಅಕ್ಷರದ ಅಂಚಿನಲ್ಲಿ ಕೆಂಪು ಮಿಂಚುತ್ತಿತ್ತು. ಅವನಿಗೆ ಎಳೆ ಚಿಗುರಿನ ತೆಳುಹಸಿರೇ ಇಷ್ಟ.

"ಇದ್ರಲ್ಲಿ ಬರೆದ್ರೆ ಯಾರು ಓದ್ತಾರೆ? ಕಾಣೋದೇ ಇಲ್ಲ," ಎಂದು ರೇಗಿಸಿದಳು.

"ಓದಲೇಬೇಕು ಅನ್ನೋರು ಹತ್ರ ಬರ್ತಾರೆ," ಎಂದ, ಅವಳ ಕಣ್ಣನ್ನೇ ನೋಡುತ್ತ.

ಕೆನ್ನೆ ಬಿಸಿಯಾಗಿ, ಅವಳು ಕಾಫಿ ಕಪ್ಪಿಗೇ ಪೆನ್ನು ಅದ್ದಿದಳು. ಚಳಿ ಶುರುವಾಗುವ ಹೊತ್ತಿಗೆ ಮಾತಿನಲ್ಲಿ 'ನೀವು' ತಾನಾಗಿಯೇ 'ನೀನು' ಆಗಿತ್ತು. ಆದರೆ ಹೇಳಬೇಕಾದ ಮಾತನ್ನು ಇಬ್ಬರೂ ಹೇಳಿರಲಿಲ್ಲ.

ಹೊಸ ವರ್ಷ ಕಳೆದ ಮೇಲೆ ಅವನು ಬದಲಾದ. ಅವಳು ಮಾತಾಡುವಾಗ ಅವಳ ಭುಜದಾಚೆ, ಕಿಟಕಿಯ ಕಡೆ ನೋಡುತ್ತಿದ್ದ. ಒಂದು ಭಾನುವಾರ ಅವಳು ಮೂರು ಗೆರೆ ಎಳೆದು, ಯಾವುದು ಚೆನ್ನಾಗಿದೆ ಎಂದು ಕೇಳಿದಳು.

"ಈ ಹಸಿರು," ಎಂದು ತೋರಿಸಿದ.

"ಅದು ಕಂದು ಕಣೋ! ಎಲ್ಲಿದೆ ನಿನ್ನ ಗಮನ?" ನಗುತ್ತ ತಲೆ ಎತ್ತಿದರೆ ಅವನ ಮುಖ ಬಿಳಿಚಿಕೊಂಡಿತ್ತು, ನೋಟ ಮತ್ತೆ ಕಿಟಕಿಯ ಕಡೆಗೇ. ಅಲ್ಲಿ ಯಾವಳೋ ಚಂದದ ಹುಡುಗಿ ಕೂತಿದ್ದಳು. ಚಿಗುಸಾಳ ನಗು ಆರಿತು.

"ನನ್ನ ಜೊತೆ ಬೇಜಾರಾಗಿದ್ರೆ ಹೇಳಿಬಿಡು."

ಅವನು ಇಂಕಿನ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಮಾಡಿದ. "ಹೌದು. ಬೇಜಾರಾಗಿದೆ. ಈ ಇಂಕು, ಈ ಭಾನುವಾರ, ಎಲ್ಲಾ."

ಅವಳು ಕೋಟಿನ ಗುಂಡಿಯನ್ನೂ ಹಾಕಿಕೊಳ್ಳದೆ ಚಳಿಗೆ ಎದ್ದು ನಡೆದಳು.

ವಸಂತದ ಚೆರ್ರಿ ಹೂವು ಉದುರುವವರೆಗೂ ಹಟ ಹಿಡಿದಳು. ಆಮೇಲೆ ತಡೆಯಲಾಗದೆ ಬೇಕರಿಗೆ ಹೋದಳು. ಒಲೆಯ ಮುಂದೆ ಬೇರೆ ಯಾರೋ ನಿಂತಿದ್ದರು.

"ನಿನಗೂ ಹೇಳಿಲ್ವಾ?" ಎಂದರು ಒಡತಿ ಕುಸುಮೊತೊ. "ಬ್ರೆಡ್ಡೆಲ್ಲಾ ಸೀದು ಹೋಗ್ತಿತ್ತಮ್ಮ. ನಾನೂ ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಬಾಯಿಬಿಟ್ಟ. ಕಣ್ಣು ಹೋಗ್ತಿದೆ ಅವನಿಗೆ. ಸೋದರಮಾವನಿಗೂ ಹೀಗೇ ಆಗಿತ್ತಂತೆ, ಔಷಧಿ ಇಲ್ವಂತೆ. ಮೊದಲು ಬಣ್ಣ ಹೋಗತ್ತೆ, ಆಮೇಲೆ ನೋಟದ ನಡುಭಾಗ. ನೇರ ನೋಡಿದ್ರೆ ಎದುರಿಗಿರೋರ ಮುಖನೇ ಕಾಣಲ್ಲ, ಪಕ್ಕಕ್ಕೆ ನೋಡಿದ್ರೆ ಅಂಚಿನಲ್ಲಿ ಒಂಚೂರು ಕಾಣತ್ತೆ. ಊರಿಗೆ ಹೋದ, ಯೊನಾಗೊಗೆ. ಕಣ್ಣಿಲ್ಲದೋರೂ ಮಾಡಬಹುದಾದ ಕೆಲಸ ಅಂತ ಅಂಗಮರ್ದನ ಕಲೀತಾನಂತೆ."

ಚಿಗುಸಾಳಿಗೆ ಕಾಫಿ ಅಂಗಡಿಯ ಆ ಭಾನುವಾರ ನೆನಪಾಯಿತು. ಅವನು ಕಿಟಕಿ ನೋಡುತ್ತಿರಲಿಲ್ಲ. ಅಷ್ಟು ದಿನವೂ ಅವಳನ್ನೇ ನೋಡುತ್ತಿದ್ದ.

ಮಾಡಿದ ಕರೆಗಳಿಗೆ ಉತ್ತರ ಬರಲಿಲ್ಲ. ಜೂನ್ ತಿಂಗಳಲ್ಲಿ, ಒಡತಿ ಕೊಟ್ಟ ವಿಳಾಸ ಹಿಡಿದು ಯೊನಾಗೊ ರೈಲು ಹತ್ತಿದಳು.

ಬಾಗಿಲು ತೆರೆದ ಅವನ ತಾಯಿ ನೆಲಕ್ಕೆ ತಲೆ ಬಾಗಿಸಿದರು. "ಅವನು ಮನೇಲಿಲ್ಲಮ್ಮ. ಅಷ್ಟು ದೂರದಿಂದ ಬಂದಿದ್ದೀಯ, ಕ್ಷಮಿಸು."

ಅವನ ಬೂಟುಗಳು ಹೊಸ್ತಿಲ ಬಳಿಯೇ ಇದ್ದವು. ಅವಳು ತನ್ನವನ್ನೂ ಬಿಚ್ಚಿ ಒಳನಡೆದು, ಅವನ ಕೋಣೆಯ ಮುಚ್ಚಿದ ಕಾಗದದ ಜಾರುಬಾಗಿಲ ಮುಂದೆ ಕೂತಳು. ತಾಯಿ ತಡೆಯಲಿಲ್ಲ.

"ತೊಮೊಹಿರೊ, ಬೇಜಾರಾಗಿದೆ ಅಂದ್ಯಲ್ಲ, ಅದು ಸುಳ್ಳು ತಾನೇ?"

ಅವಳು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದಳು.

"ನನಗೆ ನೀನು ಬೇಕು ಕಣೋ. ಇಲ್ಲೇ ಕೆಲಸ ನೋಡ್ಕೋತೀನಿ. ಔಷಧದಂಗಡಿ ಎಲ್ಲಾ ಊರಲ್ಲೂ ಇರತ್ತೆ."

"ನನಗೂ ನೀನು ಬೇಕು," ಎಂದಿತು ದನಿ, ಬಾಗಿಲಿನ ತೀರ ಹತ್ತಿರದಿಂದ. "ಅದಕ್ಕೇ ತೆಗೀಬೇಡ."

"ಇದೆಂಥ ಮಾತು?"

"ಬಣ್ಣ ಇದ್ದಾಗ ನೋಡಿದ ನಿನ್ನ ಮುಖ ನನ್ನ ಹತ್ರ ಇದೆ. ನಗ್ತಾ ಇರೋ ಮುಖ. ಈಗ ಅಂಚಿನಲ್ಲೂ ಮುಖ ತಿಳಿಯಲ್ಲ. ನೀನು ಎದುರಿಗೆ ಬಂದ್ರೆ ಆ ಜಾಗದಲ್ಲಿ ಒಂದು ಬೂದಿ ಕಲೆ ಕಾಣತ್ತೆ. ಆಮೇಲೆ ನನಗೆ ಅದೇ ನೆನಪಿರತ್ತೆ. ನನ್ನ ಹತ್ರ ಉಳಿದಿರೋದು ಅದೊಂದೇ, ಚಿಗುಸಾ. ಕಿತ್ಕೋಬೇಡ."

ಬಾಗಿಲಿಗೆ ಅಗುಳಿ ಇರಲಿಲ್ಲ. ಒಂದು ಬೆರಳಲ್ಲಿ ಸರಿಸಿದರೆ ಸಾಕಿತ್ತು. ಅವಳ ಕೈ ಚೌಕಟ್ಟಿನ ಮೇಲೆಯೇ ಇತ್ತು. ಆಚೆ ಅವನು ಉಸಿರು ಬಿಗಿಹಿಡಿದದ್ದು ಕೇಳಿಸಿತು.

ಅವಳು ಕೈ ತೆಗೆದಳು.

ತಾಯಿ, ಹೊರಡುವವಳಿಗೆ ಅನುಕೂಲವಾಗುವಂತೆ, ಅವಳ ಬೂಟುಗಳನ್ನು ಬೀದಿಯ ಕಡೆಗೆ ತಿರುಗಿಸಿಟ್ಟು, ಏಪ್ರನ್ನಿನ ಅಂಚಿನಲ್ಲೇ ಕಣ್ಣೊರೆಸಿಕೊಂಡರು.

ಸಂಜೆಯ ರೈಲು ಹೊರಟಾಗ ಕಿಟಕಿಯ ಆಚೆ ಉದ್ದಕ್ಕೂ ಆಗಷ್ಟೇ ನಾಟಿಯಾದ ಗದ್ದೆಗಳು. ಹೊಳೆವ ನೀರಿನಲ್ಲಿ ಎಳೆಹಸಿರು, ಮುಗಿಯದಷ್ಟು ಹಸಿರು. ಚಿಗುಸಾ ಪರದೆ ಎಳೆದು, ಕೋಬೆ ಬರುವವರೆಗೂ ತೆರೆಯಲಿಲ್ಲ.