ಕಾಮಣಿ ಬಂದ ಗಂಡು

ಮದುವೆಗೆ ಮೊದಲೇ ಗಂಡಿನ ಲಿವರ್ ನೋಡಿದ ಹುಡುಗಿ ಇಡೀ ಗೋಪನಕೊಪ್ಪದಲ್ಲಿ ಐಶ್ವರ್ಯಾ ಒಬ್ಬಳೇ ಇದ್ದಾಳು.

ಅವಳು ಪೆಥಾಲಜಿಸ್ಟ್. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಹೇಳುವುದು ಅವಳ ಕೆಲಸ. ಹತ್ತಿ ವ್ಯಾಪಾರಿ ಗುರುಬಸವನ ಜೊತೆ ನಿಶ್ಚಯವಾಗಿ, ಇನ್ನೇನು ಸೀರೆ ಆರಿಸಬೇಕು ಎನ್ನುವಾಗ ಅವನಿಗೆ ಕಾಮಣಿ, ಅಂದರೆ ಕಾಮಾಲೆ, ಆಯಿತು. ಕಣ್ಣು ಹಳದಿ, ಮೈತುಂಬ ತುರಿಕೆ.

"ಲಿವರ್ ಕೆಟ್ಟೈತಿ ಅಂದ್ರ ಹುಡುಗ ಕುಡೀತಾನ. ಈ ಸಂಬಂಧ ಬ್ಯಾಡ," ಎಂದು ಅಜ್ಜಿ ಸಂಗವ್ವ ಗುಡುಗಿದಳು.

ಐಶ್ವರ್ಯಾ ಸೀರೆ ಆರಿಸುವುದನ್ನು ಮುಂದೂಡಿದಳು. ಗುರುಬಸವನ ಫೋನೂ ಎತ್ತಲಿಲ್ಲ. ಡಾಕ್ಟರಾದವಳ ಮನಸ್ಸಿಗೂ ಆ ಅನುಮಾನ ಹೊಕ್ಕಿತ್ತು.

ಕೊನೆಗೆ ಅವನೇ ಲ್ಯಾಬಿಗೆ ಬಂದು ನಿಂತ.

"ಡಾಕ್ಟರು ತಪಾಸಣಿಗೆ ತಗದ ನನ್ನ ಲಿವರಿನ ಚೂರು ಇಲ್ಲಿಗೇ ಬಂದೈತಂತಲ್ರಿ. ಊರೆಲ್ಲಾ ಅದರದಽ ಮಾತಾಡಾಕತ್ತೈತಿ, ನಾನಽ ಇನ್ನೂ ನೋಡಿಲ್ಲ. ತೋರಸ್ರಿ."

ಇಬ್ಬರು ಎದುರುಬದುರು ಕೂತು ಒಟ್ಟಿಗೇ ನೋಡುವಂಥ ಮೈಕ್ರೋಸ್ಕೋಪ್ ಅದು. ಕೂರುವಾಗ ಮೊಣಕಾಲಿಗೆ ಮೊಣಕಾಲು ತಾಗಿತು. ಇಬ್ಬರೂ ಸರಿಯಲಿಲ್ಲ.

ಗುಲಾಬಿ ಬಣ್ಣದ ಜೀವಕೋಶಗಳು ಸಾಲುಗಟ್ಟಿ ನಿಂತಿದ್ದವು. ಕುಡಿದು ಕೆಟ್ಟ ಲಿವರಿನಲ್ಲಿ ಕೊಬ್ಬಿನ ಬಿಳಿ ಗುಳ್ಳೆಗಳಿರುತ್ತವೆ. ಅವಳು ಎಷ್ಟು ಹುಡುಕಿದರೂ ಇಲ್ಲಿ ಸಿಗಲಿಲ್ಲ. ಕೋಶಗಳ ನಡುವೆ ಹಸಿರುಗಂದು ಹನಿಗಳು ಮಾತ್ರ ಸಿಕ್ಕಿಕೊಂಡಿದ್ದವು.

"ಇದೇನ್ರಿ ಹಸರು?"

"ನಿಮ್ಮ ಪಿತ್ತರಿ. ಲಿವರ್ ಹಗಲೂ ರಾತ್ರಿ ಅದನ್ನ ಮಾಡಿ ಕರುಳಿಗೆ ಕಳಸ್ತೈತಿ. ಅದು ಹರಿಯೂ ಕಾಲುವಿ ಹತ್ತಿ ಎಳಿಗಿಂತ ಸಣ್ಣ. ಪಿತ್ತ ನೂಕೂ ಕೋಶಕ್ಕ ಪೆಟ್ಟು ಬಿದ್ದೈತಿ. ಪಿತ್ತ ಅಲ್ಲೇ ನಿಂತು ರಕ್ತಕ್ಕ ಸೇರೈತಿ. ಅದಕ್ಕಽ ಕಣ್ಣು ಹಳದಿ."

ಗುರುಬಸವ ಉಸಿರು ಬಿಗಿಹಿಡಿದು ನೋಡಿದ. "ಅಬ್ಬಬ್ಬಾ! ದಿನಾ ಹತ್ತಿ ಎಳಿ ಎಳದು ನೋಡಾಂವ ನಾನು. ನನ್ನೊಳಗ ಇಷ್ಟು ನಾಜೂಕ ಕೆಲಸ ನಡದೈತಿ ಅಂತ ಖರೇನಽ ಗೊತ್ತಿರಲಿಲ್ಲ."

"ಈಚೀಚೆಗೆ ಗುಳಿಗಿ ಏನರ ತಗೊಂಡಿದ್ರೇನು?"

"ಹಲ್ಲು ಬಾತಾಗ ಆಂಟಿಬಯಾಟಿಕ್ ತಗೊಂಡಿದ್ದೆ. ಅದು ಮುಗದು ತಿಂಗಳಾತು, ಅದನ್ಯಾಕ ಹೇಳೂದು ಅಂತ ಡಾಕ್ಟರಿಗೆ ಹೇಳಿಲ್ಲ."

ಅವಳ ಕೈ ನಿಂತಿತು. ಮರೆತೇಬಿಟ್ಟಿದ್ದ ಆ ಗುಳಿಗೆ ಈಗ ನೆನಪಿಗೆ ಬಂತು. ಆ ಔಷಧ ಸಾವಿರಾರು ಜನರಿಗೆ ಒಳ್ಳೆಯದನ್ನೇ ಮಾಡುತ್ತದೆ. ಅಪರೂಪಕ್ಕೆ ಒಬ್ಬರ ಲಿವರನ್ನು ಹೀಗೆ ಕಾಡುತ್ತದೆ, ಅದೂ ಗುಳಿಗೆ ಮುಗಿದು ವಾರಗಳಾದ ಮೇಲೆ. 'ನೋವು ಹೋತಂತ ನಡುವ ಬಿಡಬ್ಯಾಡ್ರಿ, ಕೋರ್ಸ್ ಪೂರಾ ಮುಗಸ್ರಿ' ಎಂದು ದಿನವೂ ಫೋನಿನಲ್ಲಿ ಬೆನ್ನು ಬಿದ್ದವಳು ತಾನೇ.

"ನಾನಽ ಹೇಳಿದ್ದೆ," ಎಂದಳು.

"ಹೂಂ. ನಿಮ್ಮ ಮಾತಿಗೆ ಒಂದೂ ಬಿಡದಽ ನುಂಗೀನಿ." ಅವನು ನಕ್ಕ.

ಅವಳಿಗೆ ಅಳು ಒತ್ತರಿಸಿ ಬಂತು. "ಗುಳಿಗಿ ಮುಗಸ್ರಿ ಅಂದದ್ದು ತಪ್ಪಲ್ಲರಿ. ನೀವು ಕುಡೀತೀರಿ ಅಂದ್ಕೊಂಡೆ ನೋಡ್ರಿ, ಅದು ತಪ್ಪು. ಒಂದು ಮಾತು ಕೇಳಬೇಕಿತ್ತು ನಾನು."

ಅವನು ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. "ಇದು ಸರಿ ಹೋಗ್ತೈತೇನ್ರಿ?"

ಅವಳು ಕಣ್ಣೊರೆಸಿಕೊಂಡು ಸ್ಲೈಡನ್ನು ಕೊಂಚ ಸರಿಸಿದಳು. "ಇಲ್ಲಿ ನೋಡ್ರಿ. ಒಂದು ಕೋಶ ಎರಡಾಗಾಕತ್ತೈತಿ. ಪೆಟ್ಟು ತಿಂದ ಲಿವರ್ ತನ್ನನ್ನ ತಾನಽ ಮತ್ತ ಕಟ್ಟಿಕೊಳ್ಳಾಕತ್ತೈತಿ. ಆ ಗುಳಿಗಿ ಮಾತ್ರ ಇನ್ನೊಮ್ಮಿ ಮುಟ್ಟಬ್ಯಾಡ್ರಿ. ನಿಧಾನಕ್ಕ ಪಿತ್ತ ಹರೀತೈತಿ."

ಇಂಥ ಕೋಶಗಳನ್ನು ಅವಳು ಎಷ್ಟು ನೋಡಿದ್ದಳೋ ಲೆಕ್ಕವಿಲ್ಲ. ಇಂದು ಮಾತ್ರ ಮೈ ಜುಮ್ಮೆಂದಿತು.

ಅವನು ತಲೆಯೆತ್ತಿ, ಆ ಹಳದಿ ಕಣ್ಣುಗಳಿಂದಲೇ ಅವಳನ್ನು ನೋಡಿದ. "ಅಜ್ಜಿಗೆ ಏನಂತ ಹೇಳ್ತೀರಿ?"

"ಒಳಗ ಹೊಕ್ಕು ನೋಡಿ ಬಂದೇನಿ, ನನಗ ಈ ಗಂಡಽ ಬೇಕು ಅಂತ ಹೇಳ್ತೇನಿ."