ಬೀಗ ಹಾಕಿದ ಲೆಕ್ಕ

ಮಗುವಿನ ತೋಳಿಗೆ ಸೂಜಿ ಹಾಕಿ, ತೂಕದ ಅಂಕಿ ಒತ್ತಿದರೆ ಸಾಕು, ಉಳಿದದ್ದನ್ನೆಲ್ಲ ಹನಿಯಂತ್ರ ನೋಡಿಕೊಳ್ಳುತ್ತಿತ್ತು. ಎಷ್ಟು ಔಷಧಿ, ಎಷ್ಟು ನಿಧಾನ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತಾನೇ ಲೆಕ್ಕ ಹಾಕಿ ಹನಿಹನಿಯಾಗಿ ಬಿಡುತ್ತಿತ್ತು. ಹೊಳೆಮಡ್ಡಿ ತಾಲ್ಲೂಕು ಆಸ್ಪತ್ರೆಗೆ ಆ ಯಂತ್ರ ಬಂದ ಮೇಲೆ, ಫಿಟ್ಸ್ ಬಂದು ಸೆಟೆದುಕೊಂಡ ಒಂದು ಮಗುವೂ ಕೈಬಿಟ್ಟು ಹೋಗಿರಲಿಲ್ಲ. ಊರಿನವರು ಯಂತ್ರವನ್ನು ಹೊಗಳಲಿಲ್ಲ. ಮಕ್ಕಳ ವೈದ್ಯ ಡಾ. ಶಿವಯೋಗಿ ಗಾಣಿಗೇರ ಅವರ ಕೈಗುಣ ಎಂದರು. ಡಾಕ್ಟರೂ ಬೇಡವೆನ್ನಲಿಲ್ಲ.

ಯಂತ್ರದ ಹೊಟ್ಟೆಯಲ್ಲಿದ್ದದ್ದು ಒಂದು ಗಣನಹಾಳೆ. ಅಡ್ಡಸಾಲು, ಉದ್ದಸಾಲು, ನಡುವೆ ಮನೆಗಳು; ಒಂದು ಮನೆಯ ಅಂಕಿ ಬದಲಿಸಿದರೆ ಉಳಿದವು ತಾವಾಗಿ ಬದಲಾಗುತ್ತವೆ. ಹಿಂದಿನವರು ಸ್ಪ್ರೆಡ್‌ಶೀಟ್ ಎನ್ನುತ್ತಿದ್ದದ್ದೇ. ಯಂತ್ರವನ್ನು ರೂಪಿಸಿದ ವಿಜ್ಞಾನಿ ಇಂದುಮತಿ ಸವದಿ ಅವರಿಗೆ ಇದು ಮೊದಲಿನಿಂದಲೂ ಸರಿಕಂಡಿರಲಿಲ್ಲ. ಲೆಕ್ಕವನ್ನು ಪ್ರೋಗ್ರಾಂ ಭಾಷೆಯಲ್ಲಿ ಬರೆದು ಯಾರೂ ತಿದ್ದದಂತೆ ಬೀಗ ಹಾಕಬೇಕು, ಎಲ್ಲ ಆಸ್ಪತ್ರೆಗೂ ಒಂದೇ ಲೆಕ್ಕ ಹೋಗಬೇಕು ಎಂದು ಅವರು ವಾದಿಸಿದ್ದರು. ತಜ್ಞರ ಸಭೆಯಲ್ಲಿ ಅದಕ್ಕೆ ಎದುರು ನಿಂತವರು ಗಾಣಿಗೇರರೇ. ಪ್ರೋಗ್ರಾಂ ಓದಲು ಬಾರದ ವೈದ್ಯ ಅದನ್ನು ಕಣ್ಣುಮುಚ್ಚಿ ನಂಬಬೇಕಾಗುತ್ತದೆ, ಹಾಳೆಯಾದರೆ ಎಲ್ಲಿ ಏನಿದೆಯೆಂದು ಬೆರಳಿಟ್ಟು ನೋಡಬಹುದು, ಇನ್ನೊಬ್ಬರಿಗೂ ಕೊಡಬಹುದು ಎಂದಿದ್ದರು. ಸಭೆ ತಲೆದೂಗಿತ್ತು.

ಹೊಳೆಮಡ್ಡಿಗೆ ಬರುತ್ತಿದ್ದ ಔಷಧಿಯ ಸೀಸೆ ಅರ್ಧ ಸತ್ವದ್ದು. ಅದಕ್ಕೆ ತಕ್ಕಂತೆ ಗಾಣಿಗೇರರು ತಮ್ಮ ಹಾಳೆಯ ಒಂದು ಮನೆ ತಿದ್ದಿ, ಹನಿ ಎರಡರಷ್ಟು ಬೀಳುವಂತೆ ಮಾಡಿಕೊಂಡಿದ್ದರು. ಅದು ಸರಿಯಾದ ತಿದ್ದುಪಡಿಯೇ. ಆದರೆ ನೆರೆಯ ಜಿಲ್ಲೆಯಲ್ಲಿದ್ದ ಅವರ ಸಹಪಾಠಿ ಡಾ. ನೂರಜಹಾನ್ ಮುಲ್ಲಾ ಫೋನ್ ಮಾಡಿ, ನಿನ್ನ ಕೈಗುಣದ ಹಾಳೆ ನನಗೂ ಕಳಿಸು ಎಂದಾಗ ಹಿಗ್ಗಿ ಹೀರೇಕಾಯಿಯಾಗಿ ಕಳಿಸಿಬಿಟ್ಟರು. ತಿದ್ದಿದ ಮನೆಯ ವಿಷಯ ಹೇಳಬೇಕೆಂದು ಹೊಳೆಯಲೇ ಇಲ್ಲ. ಅಲ್ಲಿದ್ದದ್ದು ಪೂರ್ಣ ಸತ್ವದ ಸೀಸೆ. ಒಂದು ಹೆಣ್ಣುಮಗುವಿಗೆ ಫಿಟ್ಸ್ ನಿಂತಿತು, ಹಿಂದೆಯೇ ಉಸಿರೂ ನಿಂತಿತು.

ಮುಂದಿನ ಸಭೆಯಲ್ಲಿ ಬೀಗ ಹಾಕೋಣವೆಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಗಾಣಿಗೇರರು. ಪ್ರೋಗ್ರಾಂ ಬಂತು. ಇನ್ನು ಮುಂದೆ ಎಲ್ಲ ಕಡೆಗೂ ಪೂರ್ಣ ಸತ್ವದ ಸೀಸೆಯೇ ಹೋಗಬೇಕೆಂಬ ಆದೇಶವೂ ಬಂತು. ಹೊಳೆಮಡ್ಡಿಗೆ ಆದೇಶ ತಲುಪಿತು, ಸೀಸೆ ತಲುಪಲಿಲ್ಲ.

ಸೀಸೆ ಹಳೆಯದು, ಲೆಕ್ಕ ಹೊಸದು. ಮಕ್ಕಳ ಮೈಗೆ ಬೇಕಾದದ್ದರಲ್ಲಿ ಅರ್ಧ ಔಷಧಿ ಮಾತ್ರ ಇಳಿಯತೊಡಗಿತು. ಆ ಸೀಸೆ ಹನಿಯಂತ್ರಕ್ಕಲ್ಲದೆ ಬೇರೆಲ್ಲೂ ಕೂರುವಂತಿರಲಿಲ್ಲ, ಕೈಯಿಂದ ಚುಚ್ಚುವ ದಾರಿ ಯಾವಾಗಲೋ ಮುಚ್ಚಿತ್ತು. ಗಾಣಿಗೇರರು ಇಂದುಮತಿಯವರಿಗೆ ಫೋನ್ ಹಚ್ಚಿದರು.

“ಒಂದ ಅಂಕಿ ತಿದ್ದಬೇಕ್ರಿ ಮೇಡಂ, ನಮ್ಮ ದವಾಖಾನಿಗಷ್ಟ.”

“ನಿಮಗಷ್ಟ ಅನ್ನೂದು ಇದರಾಗ ಇಲ್ರಿ ಸರ್. ತಿದ್ದಿದ್ರ ಎಲ್ಲಾ ಕಡೆ ಬದಲಾಗ್ತೈತಿ. ಅದಕ್ಕ ಸಮಿತಿ ಒಪ್ಪಬೇಕು. ನೀವ ಕೈ ಎತ್ತಿದ್ದಲ್ರಿ ಇದಕ್ಕ?”

ಅವರು ಫೋನ್ ಇಡುವಾಗ ಎದುರಿನ ಹಾಸಿಗೆಯಲ್ಲಿ ಒಂದು ಮಗು ಕಣ್ಣು ಮೇಲೆ ಮಾಡಿ ಸೆಟೆದುಕೊಂಡಿತ್ತು. ಸಮಿತಿ ಸೇರುವವರೆಗೆ ಅದು ಕಾಯುವುದುಂಟೆ? ಲೆಕ್ಕ ತಿದ್ದಲಾಗದಿದ್ದರೆ ಲೆಕ್ಕಕ್ಕೆ ಕೊಡುವ ಅಂಕಿಯನ್ನಾದರೂ ತಿದ್ದಬಹುದಲ್ಲ. ಗಾಣಿಗೇರರು ಆ ಮಗುವಿನ ತೂಕವನ್ನು ದುಪ್ಪಟ್ಟು ಮಾಡಿ ಒತ್ತಿದರು. ಯಂತ್ರ ಎರಡರಷ್ಟು ಹನಿ ಬಿಟ್ಟಿತು, ಸೆಟೆತ ಸಡಿಲಿ ಮಗು ಅಳತೊಡಗಿತು. ಆ ಅಳು ಕೇಳಿ ಅವರಿಗೂ ಕಣ್ಣು ತುಂಬಿ ಬಂತು. ಅಲ್ಲಿಂದ ಮುಂದೆ ಬಂದ ಮಕ್ಕಳಿಗೆಲ್ಲ ಹಾಗೆಯೇ. ಸುಳ್ಳು ತೂಕ ಒತ್ತುವುದು ದಿನದ ಕೆಲಸವಾಗಿ, ಕೊನೆಗೆ ಅದು ಸುಳ್ಳು ಎನ್ನುವುದೇ ಅವರ ತಲೆಯಿಂದ ಜಾರಿಹೋಯಿತು.

ಸಂತೆಯಲ್ಲಿ ಬಳೆ ಮಾರುವ ಹುಲಿಗೆಮ್ಮ, ಮಗ ಹನುಮೇಶನನ್ನು ಹೆಗಲಿಗೆ ಹಾಕಿಕೊಂಡು ಓಡಿಬಂದದ್ದು ಆ ದಿನಗಳಲ್ಲಿ. ಪುಟ್ಟ ಹುಡುಗ, ಜ್ವರ ಏರಿ ಫಿಟ್ಸ್ ಬಂದಿತ್ತು. ಔಷಧಿ ಇಳಿದು ಫಿಟ್ಸ್ ನಿಂತಿತಾದರೂ ಜ್ವರ ಮಿದುಳಿಗೆ ತಾಗಿದಂತೆ ಕಂಡದ್ದರಿಂದ ಗಾಣಿಗೇರರು ಅವನನ್ನು ತಾಯಿಯ ಜೊತೆ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಹುಡುಗನ ವಿವರವೆಲ್ಲ, ತೂಕವೂ ಸೇರಿ, ಆಂಬುಲೆನ್ಸಿನಲ್ಲಿದ್ದ ಹನಿಯಂತ್ರಕ್ಕೆ ತಾನಾಗಿ ಹೋಯಿತು. ಆ ಯಂತ್ರಕ್ಕೆ ಜಿಲ್ಲೆಯವರು ಹಾಕಿದ್ದದ್ದು ಪೂರ್ಣ ಸತ್ವದ ಸೀಸೆ.

ಗಾಣಿಗೇರರಿಗೆ ಅದು ಹೊಳೆದದ್ದು ಮುಂದಿನ ಮಗುವನ್ನು ತೂಗುವಾಗ. ತಕ್ಕಡಿ ತೋರಿಸಿದ್ದು ಒಂದು, ಅವರ ಬೆರಳು ಒತ್ತುತ್ತಿದ್ದದ್ದು ಇನ್ನೊಂದು. ಆಂಬುಲೆನ್ಸಿಗೆ ಫೋನ್ ಮಾಡಿದರೆ, ದಾರಿಯಲ್ಲಿ ಮತ್ತೆ ಫಿಟ್ಸ್ ಬಂದಿತ್ತು, ಯಂತ್ರ ತಾನೇ ಔಷಧಿ ಬಿಟ್ಟಿತು, ಈಗ ಹುಡುಗ ಆರಾಮಾಗಿ ಮಲಗಿದ್ದಾನೆ ಎಂದು ನರ್ಸ್ ಹೇಳಿದಳು. ಅವನ ಉಸಿರು ನೋಡು ಎಂದು ಇವರು ಹೇಳಿದರು. ಅವಳು ನೋಡಿದಳು. ಹುಡುಗನ ಉಸಿರು ನಿಂತುಹೋಗಿತ್ತು.

ತನಿಖೆಯಲ್ಲಿ ಪ್ರೋಗ್ರಾಂ ನಿರ್ದೋಷಿ ಎಂದಾಯಿತು. ಕೊಟ್ಟ ತೂಕಕ್ಕೆ ತಕ್ಕ ಔಷಧಿಯನ್ನೇ ಅದು ಬಿಟ್ಟಿತ್ತು.

ಗಾಣಿಗೇರರು ಒಬ್ಬರೇ ಹುಲಿಗೆಮ್ಮನ ಮನೆಗೆ ಹೋದರು. ತೂಕ ತಪ್ಪು ಹಾಕಿದವನು ನಾನು ಎಂದು ಒಪ್ಪಿಕೊಂಡರು. ಬೈಯಲಿ, ಬಡಿಯಲಿ, ಪೊಲೀಸರನ್ನು ಕರೆಸಲಿ ಎಂದು ತಲೆ ತಗ್ಗಿಸಿ ನಿಂತರು.

“ಗಾಡ್ಯಾಗ ಆ ನರ್ಸ್ ಅಕ್ಕಾರು ತೂಕ ಓದಿದ್ರು ಸಾಹೇಬ್ರ,” ಎಂದಳು ಹುಲಿಗೆಮ್ಮ. “ನನ್ನ ಕೂಸು ಅಷ್ಟ ಭಾರ ಇಲ್ಲಂತ ನನಗ ಗೊತ್ತಿತ್ತು. ದಿನಾ ಎತ್ಕೊಂಡು ತಿರಗಾಕಿ ನಾನ ಅಲ್ರಿ. ಹೇಳಬೇಕಂತ ಬಾಯಿ ತಗದಿದ್ದೆ.”

ಸೆರಗಿನಿಂದ ಮುಖ ಒರೆಸಿಕೊಂಡಳು.

“ತೂಕ ನೀವ ಬರದೀರಿ ಅಂತ ಅಕ್ಕಾರು ಅಂದ್ರು. ಸುಮ್ಮನಾದೆ.”