ಹೊಸ್ತಿಲಾಚೆ ಕಾಯುವವನು

ಸಚಿನ್ ದುಡಿಯುತ್ತಿದ್ದ ಹಡಗಿನಿಂದ ಫೋನ್ ಬಂದಾಗ ತ್ರಾಸಿಯ ಮನೆಯಲ್ಲಿ ಅವನ ತಾಯಿ ಕಮಲಕ್ಕ ಬಂಗುಡೆಗೆ ಮಸಾಲೆ ಅರೆಯುತ್ತಿದ್ದರು. ಅವರ ಕೈಯೆಲ್ಲ ಮಸಾಲೆ. ಫೋನೆತ್ತಿದವಳು ಸೌಜನ್ಯ, ಸಚಿನ್‌ಗೆ ನಿಶ್ಚಯವಾಗಿದ್ದ ಹುಡುಗಿ.

“ಸಮುದ್ರಕ್ಕೆ ಬಿದ್ದ ಸಚಿನ್ ಸಿಗಲಿಲ್ಲ. ಹುಡುಕುವುದನ್ನು ನಿಲ್ಲಿಸಿದ್ದೇವೆ.”

ಸೌಜನ್ಯ ಕಮಲಕ್ಕನ ಕಡೆ ತಿರುಗಿದಳು.

“ಅತ್ತಿ, ಸಿಕ್ಕಲ್ಲ ಅಂಬ್ರ್... ಸತ್ತಿದ್ದ ಅಂತ ಹೇಳ್ಲಿಲ್ಲ!”

ಕೋಟೇಶ್ವರದಲ್ಲಿ ಬಸ್ಸು ಹತ್ತಿ, ಒಂದೇ ಸೀಟಿಗೆ ಜಗಳವಾಡಿದ್ದು ಸಚಿನ್ ಮತ್ತು ಸೌಜನ್ಯರ ಮೊದಲ ಭೇಟಿ. ಕೊನೆಗೆ ಅವನೇ ಎದ್ದು ನಿಂತು, ತ್ರಾಸಿಯವರೆಗೂ ನಗುತ್ತ ಬಂದಿದ್ದ.

ರಜೆ ಮುಗಿಸಿ ಹೊರಟ ದಿನ, ಹಡಗಿನಲ್ಲಿ ಕಲಿತ ಸ್ಪ್ಯಾನಿಷ್ ಶಬ್ದವೊಂದನ್ನು ಹೇಳಿಕೊಟ್ಟಿದ್ದ.

“ಎಸ್ಪೆರಾರ್. ಅಂದ್ರೆ ಕಾಯೂದ್. ಆಸೆ ಇಟ್ಕಂಬುದಕ್ಕೂ ಅದೇ ಶಬ್ದ.”

“ಅವ್ರಿಗ್ ಶಬ್ದಕ್ಕ್ ಬರಗಾಲವಾ ಎಂತ?”

“ನೆಗಾಡ್ಬೇಡ ಮಾರಾಯ್ತಿ. ನೀ ಎರಡೂ ಮಾಡ್.”

ಈಗ ಅವಳು ಮೊದಲಿನ ಅರ್ಥವೊಂದನ್ನೇ ಬಿಗಿಯಾಗಿ ಹಿಡಿದುಕೊಂಡಳು. ಅವನ ಮನೆಯವರು, ದೇಹ ಸಿಗದ್ದರಿಂದ, ದರ್ಭೆಯ ಪ್ರತಿಮೆ ಮಾಡಿ ಸಂಸ್ಕಾರ ಮುಗಿಸಿದರು. ಅವಳು ಅತ್ತ ಸುಳಿಯಲಿಲ್ಲ.

ಅವನಿಗೆ ಎಡೆ ಬಡಿಸುವ ದಿನ ಕಮಲಕ್ಕನೇ ಅವಳ ಮನೆಗೆ ಬಂದರು.

“ಬಾ ಮಗಾ, ನೀನೇ ಬಡ್ಸ್.”

“ಬದ್ಕಿದ್ದವ್ರಿಗ್ ಎಡಿ ಹಾಕ್ತ್ರಾ ಅತ್ತಿ? ನಾ ಬತ್ತಿಲ್ಲ. ನಾ ಕಾಯ್ತೆ!”

ಕಮಲಕ್ಕ ಸಿಟ್ಟಾಗಲಿಲ್ಲ.

“ಅಂವ ಹಸ್ವಿ ತಡ್ಕಂಬವ ಅಲ್ಲ, ನಿಂಗ್ ಗೊತ್ತಿತ್ತಲ್ದಾ? ನಾವ್ ಬಡ್ಸದಿದ್ರೆ ಅಂವ ಎಲ್ಲ್ ಉಂಬುದ್? ಹೊಸ್ತಿಲ್ ಹೊರ್ಗ್ ನಿಂತ್ಕಂಡ್ ನಿನ್ನೇ ಕಾಯ್ತಿದ್ನೋ ಏನೋ...”

ಸೌಜನ್ಯ ಹೊಸ್ತಿಲಿನತ್ತ ನೋಡಿದಳು.

ಕಾದವಳು ನಾನೆಂದುಕೊಂಡೆನಲ್ಲ... ಅವನನ್ನೇ ಕಾಯಿಸಿಬಿಟ್ಟೆನೆ?

ಅವಳು ಎದ್ದು ಕಮಲಕ್ಕನ ಜೊತೆ ಅವರ ಮನೆಗೆ ಬಂದಳು. ಒಳಕೋಣೆಯಲ್ಲಿ ಬಾಳೆಲೆ ಹಾಸಿ, ಬಿಸಿ ಅನ್ನ ಬಡಿಸಿ, ಬಂಗುಡೆ ಸಾರು ಎರೆದಳು. ಕೈ ತಾನಾಗಿ ಇನ್ನೊಂದು ಮೀನು ಹಾಕಿತು.

“ಖಾರ ಸಾಕಾ ಅತ್ತಿ?”

“ಉಂಬವ್ನನ್ನೇ ಕೇಳ್.”

ಅಳುತ್ತಲೇ ಅವಳಿಗೆ ನಗು ಬಂತು. ಎಲೆಯ ಕಡೆಗೆ ಬಾಗಿ ಪಿಸುಗುಟ್ಟಿದಳು.

“ಹೊಟ್ಟಿ ತುಂಬ ಉಂಡ್ಕಂಡ್ ಹೋಗ್. ಇನ್ನ್ ನಾ ಕಾಯೂದಿಲ್ಲ. ನೀ ಸುಖವಾಗಿರ್ಕ್ ಅಂಬ ಆಸೆ ಒಂದ್ ಇಟ್ಕಂತೆ.”

ಅವನು ಉಣ್ಣಲೆಂದು ಬಾಗಿಲು ಮುಚ್ಚಿ, ಇಬ್ಬರೂ ಹೊರಗೆ ಕೈಮುಗಿದು ಕುಳಿತರು.

ದೇವರೇ, ನೀರಿನಲ್ಲಿ ಮರೆಯಾದ ಈ ಮಗನನ್ನು ನಿನ್ನ ಪಾದದಲ್ಲಿ ಸೇರಿಸಿಕೋ. ಅವನ ಹಸಿವು ತೀರಲಿ, ಅವನ ಜೀವಕ್ಕೆ ಶಾಂತಿ ಸಿಗಲಿ.